ಆರಾಮ ಅದೀರಿ?

ಶೀಗಿ ಹುಣ್ಣಿಮೆ ಕಳೆದ ಮೇಲಿನ ಬುಧವಾರ, ಬೆಳಗಿನ ಹತ್ತು ಗಂಟೆ. ಶಿಗ್ಗಾವಿಯ ಮಾಜಿ ಸೈನಿಕರ ಸರ್ಕಾರಿ ದವಾಖಾನೆಯಲ್ಲಿ ಹುಲಗೂರಿನ ನೀಲಪ್ಪ ಹವಾಲ್ದಾರರು ಡಾಕ್ಟರ್ ಸಮತಾಳ ಮುಂದೆ ಎದೆ ಸೆಟೆಸಿ ನಿಂತಿದ್ದರು.

"ಆರಾಮ ಅದೀರಿ, ಹವಾಲ್ದಾರ್ರ?"

"ಆರಾಮ್ರೀ ಮೇಡಮ್."

ಎರಡು ವರ್ಷದಿಂದ ತಿಂಗಳಿಗೊಮ್ಮೆ ಇದೇ ಮಾತು. ಅವಳು ಬಿಪಿ ನೋಡಿ ಹಳೆಯ ಗುಳಿಗೆಯನ್ನೇ ಬರೆದು ಕಳಿಸುತ್ತಿದ್ದಳು. ಇವತ್ತು ಮಾತ್ರ ಹೆಂಡತಿ ಭರಮವ್ವ ಬೆನ್ನು ಹತ್ತಿ ಬಂದಿದ್ದಳು.

"ಏನ್ ಆರಾಮ? ಅಡ್ಡಾದ್ರ ಉಸುರು ಕಟ್ಟತೈತಿ ಅಂತ ಗ್ವಾಡಿಗೆ ಆತು ಕುಂತಿರ್ತಾರ. ಚಪ್ಪಲಿ ಕಾಲಾಗ ಹೋಗವಲ್ವು!"

"ಏ, ಸುಮ್ನಿರ. ಆರಾಮ ಅದೀರಿ ಅಂದ್ರ ಆರಾಮ ಅನ್ನೂದು ರೀತಿ."

"ರೀತಿ ಅಂತ! ಬೀಗರ ಮನಿಗೆ ಬಂದೀರೇನು?"

ಸಮತಾ ನಕ್ಕಳು. ಪ್ಯಾಂಟು ಸರಿಸಿ ಅವರ ಬಾತ ಕಣಕಾಲನ್ನು ಒತ್ತಿದಾಗ ನಗು ನಿಂತಿತು. ಬೆರಳೂರಿದ ಕುಳಿ ಹಾಗೇ ಉಳಿಯಿತು. ಹೃದಯ ಸೋಲುತ್ತಿತ್ತು, ಅದೂ ಎಷ್ಟೋ ತಿಂಗಳಿಂದ. ಅವಳೂ ಇದೇ ಸೀಮೆಯ ಚಿಕ್ಕೇರೂರಿನವಳೇ. ‘ಆರಾಮ’ ಎಂಬ ಮಾತು ಊರಲ್ಲಿ ನಮಸ್ಕಾರದ ಜಾಗದಲ್ಲಿ ಬರುತ್ತದೆಂದು ಗೊತ್ತಿದ್ದೂ ಅದನ್ನೇ ತಪಾಸಣೆ ಎಂದು ನಂಬಿಬಿಟ್ಟಿದ್ದಳು.

"ಯಾಕ ಹೇಳಲಿಲ್ರಿ?"

"ಪಲ್ಟನ್‌ದಾಗ ಆರಾಮಿಲ್ಲ ಅಂದ್ರ ಕಾಮಚೋರ, ಕೆಲಸಗಳ್ಳ ಅಂತಿದ್ರು ಮೇಡಮ್. ಅದ ರೂಢಿ."

ಅವರನ್ನು ಕೂರಿಸಿಕೊಂಡು ಎಷ್ಟು ದೂರ ನಡೆದರೆ ದಮ್ಮು ಬರುತ್ತದೆ, ಮಲಗಲು ಎಷ್ಟು ದಿಂಬು ಬೇಕು ಎಂದು ಒಂದೊಂದೇ ಕೇಳಿದಳು. ಮುಕ್ಕಾಲು ತಾಸು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಹೊರಗೆ ಮುದುಕರು ತಮ್ಮ ತಮ್ಮ ಪಲ್ಟನ್ನಿನ ಸುದ್ದಿ ಹೇಳುತ್ತ ಕಾದರು. ಇಲ್ಲಿ ರೋಗಿಯ ಕಿಸೆ ನೋಡಿ ಔಷಧ ಬರೆಯಬೇಕಿರಲಿಲ್ಲ. ಹೀಗೆ ಕೂತು ಕೇಳುವುದಕ್ಕೇ ತಾನು ಡಾಕ್ಟರಾದದ್ದು ಅನಿಸಿತು, ಅನಿಸಿದ್ದು ತಡವಾಗಿ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಬರುತ್ತೇನೆಂದು ಸಹಿ ಹಾಕಿ ಹತ್ತು ದಿನವಾಗಿತ್ತು. ಇಲ್ಲಿಯ ಅವಳ ಜಾಗಕ್ಕೆ ಹೊಸಬರ ನೇಮಕವೂ ಆಗಿಹೋಗಿತ್ತು.

ಇಸಿಜಿ ತೆಗೆಸಿ, ಬಾವು ಇಳಿಯುವ ಗುಳಿಗೆ ಬರೆದಳು. "ಸೋಮವಾರ ಮತ್ತ ಬರ್ರಿ. ಅಷ್ಟರಾಗ ದಮ್ಮು ಹೆಚ್ಚಾದ್ರ ಕಾಯಬ್ಯಾಡ್ರಿ."

"ಸೋಮವಾರ ಖರೇನ ಹೇಳ್ತೇನ್ರಿ," ಎಂದರು ನೀಲಪ್ಪ, ತಲೆ ತಗ್ಗಿಸಿ. "ನಿಮ್ಮ ಮುಂದ ಅಷ್ಟ ಮತ್ತ. ಬ್ಯಾರೇದವ್ರ ಮುಂದ ಬಾಯಿ ಬರಂಗಿಲ್ಲ."

"ಕೇಳಿದ್ರಿಲ್ಲೋ?" ಎಂದಳು ಭರಮವ್ವ. "ನನ್ನ ಮುಂದನೂ ಹೇಳಿಲ್ಲ ಈ ಮನಷ್ಯಾ!"

ಸೋಮವಾರ ತಾನಿಲ್ಲಿ ಇರುವುದಿಲ್ಲ ಎಂಬ ಮಾತು ಸಮತಾಳ ನಾಲಗೆಯ ತುದಿಗೆ ಬಂತು. "ಆತ್ರಿ," ಎಂದಷ್ಟೇ ಅಂದಳು.

ಬಾಗಿಲ ಬಳಿ ನರ್ಸ್ ಹೇಮಾ ಸೋಮವಾರದ ಹೆಸರು ಬರೆದುಕೊಳ್ಳುತ್ತಿದ್ದಳು. ಮೊದಲನೆಯದು ನೀಲಪ್ಪನವರದು.

ಸಮತಾ ಹುಬ್ಬಳ್ಳಿಗೆ ಹೊರಟುಹೋದದ್ದು ಶನಿವಾರ.