ಅಕ್ಕನೆದುರು ಮಲಗದ ಮರಿಬಸಪ್ಪ

"ಮತ್ತ ಎದ್ರೇನ್ರಿ ಮರಿಬಸಪ್ಪನೋರ? ಅರ್ಧ ತಾಸು ಮಲಗಿರ್ರಿ ಅಂತ ಈಗಿನ್ನ ಹೇಳಿ ಹೋಗೀನಲ್ಲ!"

"ಮಲಗಿದ್ದೆ ಡಾಕ್ಟ್ರಮ್ಮ. ಅಕ್ಕ ಒಳಗ ಬಂದ್ಲು."

"ಬಂದ್ರ?"

"ಆಕಿ ನಿಂತಾಳ. ನಾ ಹೆಂಗ ಮಲಗ್ಲಿ?"

ಬಳ್ಳಾರಿಯ ಆಸ್ಪತ್ರೆಯೊಂದರ ಆ ಸಣ್ಣ ಕೋಣೆಯಲ್ಲಿ ಡಾಕ್ಟರ್ ಗಿರಿಜಾಬಾಯಿ ಕೈಯಲ್ಲಿನ ಸಿರಿಂಜನ್ನು ಮೆಲ್ಲಗೆ ಕೆಳಗಿಟ್ಟರು. ಸಿರುಗುಪ್ಪದ ಭತ್ತದ ವ್ಯಾಪಾರಿ ಮರಿಬಸಪ್ಪನವರಿಗೆ ಎದ್ದು ನಿಲ್ಲುವುದು ಉಸಿರಾಟದಷ್ಟೇ ಸಹಜ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಂಗಡಿಯ ಮುಂದೆ ಹಿರಿಯರೊಬ್ಬರು ಸುಮ್ಮನೆ ಹಾದುಹೋದರೂ ಗಾದಿ ಬಿಟ್ಟು ಏಳುವವರು. ಕುರುಗೋಡಿನಲ್ಲಿ ಮುದುಕರೊಬ್ಬರು ಬಸ್ಸು ಹತ್ತಿದರೆ ಬಳ್ಳಾರಿಯವರೆಗೂ ಕಂಬಿ ಹಿಡಿದೇ ಬರುವವರು. ಟೆಲಿಫೋನಿನಲ್ಲಿ ದೊಡ್ಡಪ್ಪನ ದನಿ ಕೇಳಿದರೆ ಕುರ್ಚಿಯಿಂದೆದ್ದು, ಕೋಟಿನ ಗುಂಡಿ ಸರಿಮಾಡಿಕೊಂಡು, ಆಮೇಲೆಯೇ "ಹೇಳ್ರಿ" ಅನ್ನುವವರು.

ಅವರ ನಡಿಗೆಯೂ ಹಾಗೇ, ದೂರದಿಂದಲೇ ಗುರುತು ಸಿಗುವಂಥದ್ದು. ಎರಡು ವರ್ಷಗಳ ಹಿಂದೆ ಮೂತ್ರಪಿಂಡಗಳೆರಡೂ ಕೈಕೊಟ್ಟಾಗ, ಬಾದನಹಟ್ಟಿಗೆ ಲಗ್ನವಾಗಿ ಹೋಗಿದ್ದ ಅಕ್ಕ, ಅಕ್ಕನಾಗಮ್ಮ, ತಮ್ಮದೊಂದನ್ನು ಕೊಟ್ಟಿದ್ದರು. ವೆಲ್ಲೂರಿನಲ್ಲಿ ಅದನ್ನು ಮರಿಬಸಪ್ಪನವರ ಬಲಗಡೆಯ ಕಿಬ್ಬೊಟ್ಟೆಯಲ್ಲಿ ಕೂಡಿಸಿದರು. ಅಂದಿನಿಂದ ಕಂದು ಕೋಟಿನ ಮೇಲೆ ಬಲಗೈ ಸದಾ ಅಲ್ಲಿಯೇ, ಗದ್ದಲದ ಸಂತೆಯಲ್ಲಿ ಕೂಸನ್ನು ಎತ್ತಿಕೊಂಡು ನಡೆಯುವವರಂತೆ. ಯಾರಾದರೂ ಆರೋಗ್ಯ ವಿಚಾರಿಸಿದರೆ ಒಂದೇ ಉತ್ತರ: "ಅಕ್ಕ ಆರಾಮ ಅದಾಳ." ಯಾವ ಅಕ್ಕ, ಬಾದನಹಟ್ಟಿಯಾಕಿಯೋ ಹೊಟ್ಟೆಯೊಳಗಿನಾಕಿಯೋ ಎಂದರೆ, "ಇಬ್ರೂ."

ಎಂಬತ್ತರ ದಶಕದ ಆ ವರ್ಷಗಳಲ್ಲಿ ಗಿರಿಜಾಬಾಯಿ ಮೂತ್ರಪಿಂಡದ ರೋಗಿಗಳ, ಮತ್ತೊಬ್ಬರ ಮೂತ್ರಪಿಂಡ ಕೂಡಿಸಿಕೊಂಡವರ ರಕ್ತದಲ್ಲಿ ಆಂಜಿಯೋಟೆನ್ಸಿನ್ ಎಂಬ ಪೆಪ್ಟೈಡ್ ಎಷ್ಟಿದೆಯೆಂದು ಅಳೆಯುತ್ತಿದ್ದರು. ರಕ್ತನಾಳಗಳನ್ನು ಬಿಗಿಹಿಡಿಯುವ ವಸ್ತು ಅದು. ಪ್ರಮಾಣ ಅತ್ಯಲ್ಪ, ದರ್ಪ ಅಪಾರ. ಮನುಷ್ಯ ಮಲಗಿದರೆ ಇಳಿಯುತ್ತದೆ, ನಿಂತರೆ ಏರುತ್ತದೆ. ಅದಕ್ಕೇ ಮೊದಲು ಅರ್ಧ ತಾಸು ಶಯನ, ಆಮೇಲೆ ಸೂಜಿ. ತೆಗೆದ ರಕ್ತ ಮಂಜುಗಡ್ಡೆಯಲ್ಲಿ ಹುದುಗಿ ಮದ್ರಾಸಿಗೆ. ಹೋದ ಸಲ ಮರಿಬಸಪ್ಪನವರ ರಕ್ತದಲ್ಲಿ ಅದು ಉಳಿದೆಲ್ಲರನ್ನೂ ಮೀರಿ ಏರಿತ್ತು. ಕೂಡಿಸಿದ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ಕಿರಿದಾದರೂ ಹೀಗಾಗಬಹುದು. ಹಾಗಿದ್ದರೆ ಮತ್ತೆ ವೆಲ್ಲೂರು, ಮತ್ತೆ ಆಪರೇಷನ್ನು.

ಆ ಮಾತು ಕಿವಿಗೆ ಬಿದ್ದಂದಿನಿಂದ ಅಕ್ಕನಾಗಮ್ಮನವರಿಗೆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ. ಈಗಲೂ ಬಾಗಿಲ ಬಳಿ ನಿಂತು ಅದನ್ನೇ ಕೇಳಿದರು: "ಯವ್ವಾ, ನಾ ಕೊಟ್ಟದ್ದ ಕೆಟ್ಟಿತ್ತೇನವ್ವ?"

ಗಿರಿಜಾಬಾಯಿ ಮರಿಬಸಪ್ಪನವರ ಕಡೆ ತಿರುಗಿದರು. "ಹೋದ ಸಲನೂ ಹಿಂಗ ನಿಂತಿದ್ರೇನು?"

"ಅಕ್ಕ ನಿಂತಷ್ಟು ಹೊತ್ತೂ ನಿಂತಿದ್ದೆರಿ. ಸಿಸ್ಟರು ಸೂಜಿ ತಂದ ಕೂಡ್ಲೆ ಮಲಗಿದೆ. ಮಲಗೀರೇನು ಅಂದ್ರು, ಹೌದ್ರಿ ಅಂದೆ. ಸುಳ್ಳಲ್ಲ ನೋಡ್ರಿ."

ನಗಬೇಕೋ ಗದರಬೇಕೋ ಗಿರಿಜಾಬಾಯಿಗೆ ತಿಳಿಯಲಿಲ್ಲ. "ನೀವರ ಕೂಡಬಾರದೇನ್ರಿ ಅಕ್ಕನಾಗಮ್ಮನೋರ?"

"ಎಲ್ಲಿ ಕೂಡ್ಲೆವ್ವ? ಮಂಚದ ಮ್ಯಾಲ ಕುಂತ್ರ ಇವ ನೆಲಕ್ಕ ಇಳೀತಾನ."

ಅಕ್ಕನನ್ನು ಹೊರಗೆ ಕಳಿಸಿ ನೋಡಿದರು. ಮರಿಬಸಪ್ಪನವರು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟೇ ಕುಳಿತರು. "ಹೊರಗ ನಿಂತಾಳಂತ ಗೊತ್ತೈತಲ್ರಿ." ಕೊನೆಗೆ ಗಿರಿಜಾಬಾಯಿ ಇನ್ನೊಂದು ಮಂಚ ತರಿಸಿ ಅಕ್ಕನಿಗೂ ಮಲಗಲು ಹೇಳಿದರು.

"ಹಾಡುಹಗಲು ನಾನ್ಯಾಕ ಮಲಗ್ಲಿ? ನೋಡಿದವ್ರು ಏನಂದಾರು!"

"ಕಿಡ್ನಿನ ಕೊಟ್ಟೀರಿ, ಅರ್ಧ ತಾಸು ಕೊಡಾಕ ಆಗೂದಿಲ್ಲೇನು?"

ಅಕ್ಕನಾಗಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಮಲಗಿದರು. ಆಗ ಮರಿಬಸಪ್ಪನವರೂ ಕೋಟಿನ ಸಮೇತ ಬೆನ್ನು ಚಾಚಿದರು.

"ಲೇ ತಮ್ಮಾ, ಅಲ್ಲಾಡಬ್ಯಾಡ."

"ನೀ ಮೊದಲ ಏಳಬ್ಯಾಡಬೇ."

ಮದ್ರಾಸಿನಿಂದ ಬಂದ ಫಲಿತಾಂಶದಲ್ಲಿ ಈ ಸಲ ಆಂಜಿಯೋಟೆನ್ಸಿನ್ ಅರ್ಧಕ್ಕರ್ಧ ಇಳಿದಿತ್ತು. ರಕ್ತದ ಒತ್ತಡವೂ ಸರಿಯಾಗಿತ್ತು. ಮೂತ್ರಪಿಂಡ ನಿರ್ದೋಷಿ. ಸುದ್ದಿ ಕೇಳಿದ್ದೇ ಅಕ್ಕನಾಗಮ್ಮ ಕಣ್ಣೊರೆಸಿಕೊಂಡು ತಮ್ಮನ ಭುಜಕ್ಕೊಂದು ಬಿಗಿದರು. "ನಿಂತು ನಿಂತು ನನ್ನ ಕೊಲ್ಲತಿದ್ದೆಲ್ಲೋ!" ಆ ಏಟನ್ನೂ ಮರಿಬಸಪ್ಪನವರು ಎದ್ದು ನಿಂತೇ ತಿಂದರು.

ಇಂಥವರ ಮರ್ಯಾದೆ ಇರುವುದು ಮೊಣಕಾಲಲ್ಲಿ, ನಾಲಿಗೆಗೆ ಬರುವ ಮೊದಲೇ ಅದು ಎದ್ದಿರುತ್ತದೆ. ವೈದ್ಯರ ಅಪ್ಪಣೆಯೂ ಸ್ವಂತ ದೇಹದ ಹಿತವೂ ಅದರ ಮುಂದೆ ಸಾಲುವುದಿಲ್ಲ. ಅವರನ್ನು ಮಲಗಿಸಬೇಕೆಂದರೆ ಅವರು ಗೌರವಿಸುವವರನ್ನು ಮೊದಲು ಮಲಗಿಸಬೇಕು.

"ಇನ್ನೊಂದು ಸಲ ರಕ್ತ ಬೇಕಾಗೈತಿ," ಎಂದರು ಗಿರಿಜಾಬಾಯಿ, "ಈ ಸಲ ನಿಂತಾಗ ಎಷ್ಟು ಏರತೈತಿ ನೋಡಬೇಕು. ಮುಂದಿನ ಬುಧವಾರ ಬರ್ರಿ. ಅರ್ಧ ತಾಸು ನಿಲ್ಲಾಕ ಆಗತೈತಿಲ್ಲ?"

ಮರಿಬಸಪ್ಪನವರು ಕೋಟಿನ ಗುಂಡಿ ಹಾಕಿಕೊಂಡು ಅಕ್ಕನ ಕಡೆ ನೋಡಿದರು.

"ಬುಧವಾರ ನೀನೂ ಬಾರಬೇ. ಬಂದು ಸುಮ್ನ ನಿಂತ್ಕೊ, ಸಾಕು."