ಮೂವತ್ತೊಂದು ಸಸಿಗಳ ಹಾರ್ಡನಿಂಗ್

೧
ಎಲ್ಲಿಂದ ಶುರು ಮಾಡಲಿ? ಇಬ್ಬನಿಯಿಂದ ಶುರು ಮಾಡಿದ್ದೆ. ಮೂರು ಸಾಲು ಬರೆಯುವಷ್ಟರಲ್ಲಿ ನನಗೇ ಅಸಹ್ಯವಾಗಿ ಹರಿದು ಹಾಕಿದೆ. ಟೊಮೆಟೊ ಸಸಿಯ ಕಥೆಯಲ್ಲಿ ಇಬ್ಬನಿ ಬಿತ್ತೆಂದರೆ ನೀವು ಪುಟ ಮಗುಚುತ್ತೀರಿ, ಗೊತ್ತು. ಹಾಗಾಗಿ ಒಬ್ಬ ದಡ್ಡನಿಂದ ಶುರು ಮಾಡುತ್ತೇನೆ.

೨
ದಡ್ಡನ ಹೆಸರು ರಾಮಪ್ರಸಾದ. ಊರು ಪೀಣ್ಯ, ಇಸವಿ ೧೯೮೧. ಕಾರ್ಖಾನೆಯೊಂದರ ಹೀಟ್ ಟ್ರೀಟ್‌ಮೆಂಟ್ ಸೆಕ್ಷನ್ನಿನಲ್ಲಿ ಸೂಪರ್‌ವೈಸರ್. ಯಂತ್ರದ ಉಕ್ಕಿನ ಗೇರುಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿಸಿ ಗಟ್ಟಿ ಮಾಡಿಸುವುದು ಅವನ ಕೆಲಸ. ಅದಕ್ಕೆ ಹಾರ್ಡನಿಂಗ್ ಅನ್ನುತ್ತಾರೆ.

ಹೆಂಡತಿ ವೆಂಕಟಲಕ್ಷ್ಮಿ, ಮಾಕಳಿಯವಳು. ಅವಳ ತಾಯಿ ಕೃಷ್ಣಮ್ಮ ತೀರಿಕೊಂಡು ವರ್ಷವಾಯಿತು. ಅವರ ಹೊಲದಲ್ಲೀಗ ಕಾರ್ಖಾನೆಯ ಶೆಡ್ಡು ಎದ್ದಿದೆ. ಉಳಿದದ್ದು ಬೂದಿ ಬೆರೆಸಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದ ಟೊಮೆಟೊ ಬೀಜ. ಅಷ್ಟನ್ನೂ ವೆಂಕಟಲಕ್ಷ್ಮಿ ಎಣ್ಣೆ ಡಬ್ಬದಲ್ಲಿ ಬಿತ್ತಿದಳು. ಮೂವತ್ತೊಂದು ಸಸಿ ಬಂದವು. ಅವನ್ನು ಹಿತ್ತಲಲ್ಲಿ ಯಾವಾಗ ನೆಡುವುದು? ಇಷ್ಟೇ ಕಥೆ. (ಕೊಲೆ ಬೇಕಿದ್ದವರು ಬೇರೆ ಪುಸ್ತಕ ನೋಡಿಕೊಳ್ಳಿ.)

೩
ಯಾರೋ ಕೊಟ್ಟ ಕರಪತ್ರದಲ್ಲಿ, ನೆಡುವ ಮೊದಲು ಸಸಿಗಳಿಗೆ ಹಾರ್ಡನಿಂಗ್ ಮಾಡಬೇಕು ಎಂದಿತ್ತು. ದಿನಾ ಸ್ವಲ್ಪ ಸ್ವಲ್ಪವೇ ಬಿಸಿಲಿನ ಅಭ್ಯಾಸ ಮಾಡಿಸಿ ಎಂದು ಮುಂದಿನ ಸಾಲಿನಲ್ಲೇ ಇತ್ತು. ರಾಮಪ್ರಸಾದ ಮುಂದಿನ ಸಾಲು ಓದಲಿಲ್ಲ. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿರುವವನಿಗೆ ಹಾರ್ಡನಿಂಗ್ ಪಾಠವೇ?

ಏಪ್ರಿಲ್ ತಿಂಗಳ ಭಾನುವಾರ, ಮಟಮಟ ಮಧ್ಯಾಹ್ನ, ಡಬ್ಬವನ್ನು ತಗಡಿನ ಮಾಡಿನ ಮೇಲಿಟ್ಟ. ವಾಚು ನೋಡಿಕೊಂಡು ಮೂರು ಗಂಟೆ ಕಾಯಿಸಿದ. ಕೆಳಗಿಳಿಸಿ, ಹೂಜಿಯ ತಣ್ಣೀರು ಸುರಿದ. ಸೋಮವಾರದ ಹೊತ್ತಿಗೆ ಮೂವತ್ತು ಸಸಿ ಮಲಗಿದ್ದವು.

೫
(ನಾಲ್ಕನ್ನು ಹೊಡೆದು ಹಾಕಿದ್ದೇನೆ. ಅದರಲ್ಲಿ ಮಳೆ ಬರುತ್ತಿತ್ತು.)

ರಾಮಪ್ರಸಾದ ತಕರಾರು ತಂದ. "ಸಾರ್, ದಡ್ಡ ಅಂತ ಬರೆದಿದ್ದೀರಿ. ನನ್ನ ಸೆಕ್ಷನ್‌ನಲ್ಲಿ ಇದುವರ್ಗೂ ಒಂದು ಪೀಸ್ ರಿಜೆಕ್ಟ್ ಆಗಿಲ್ಲ."

ಗೇರಿಗೆ ಬೇರಿರುವುದಿಲ್ಲ ಕಣಯ್ಯ ಎಂದೆ. ಅವನು ತುಂಬ ಹೊತ್ತು ಯೋಚಿಸಿ, ಹಾಗಾದರೆ ನೀರಿನ ಬದಲು ಎಣ್ಣೆ ಹಾಕಬೇಕಿತ್ತೇ ಎಂದು ಕೇಳಿದ. ಇಂಥವನನ್ನು ಕಟ್ಟಿಕೊಂಡು ನಾನು ದುರಂತ ಬರೆಯಬೇಕು, ಕರ್ಮ.

೬
ಮುಕ್ತಾಯ ಒಂದು: ವೆಂಕಟಲಕ್ಷ್ಮಿ ಮೊದಲೇ ಹತ್ತು ಸಸಿ ಬಚ್ಚಿಟ್ಟಿದ್ದಳು. ನಿಮಗೆ ಇದೇ ಇಷ್ಟ, ನೀವು ಅಂಥವರೇ.

ಮುಕ್ತಾಯ ಎರಡು: ಉಳಿದ ಒಂದೇ ಸಸಿಯ ಕಾಂಡವನ್ನು ಬೆರಳಲ್ಲಿ ಮುಟ್ಟಿ, ಮಣ್ಣಿನ ಮಗಳು "ಇವತ್ತು ನೆಡಬೇಕು" ಎನ್ನುತ್ತಾಳೆ. ಗಂಡ ತಲೆ ತಗ್ಗಿಸುತ್ತಾನೆ. ಇದು ನನಗೇ ಎಷ್ಟು ಹಿಡಿಸಿತೆಂದರೆ, ಅಚ್ಚಿಗೆ ಕಳಿಸಲು ಲಕೋಟೆ ತೆಗೆದಿದ್ದೆ. ಅವಳು ಬಂದು ತಡೆದಳು.

"ನಾನೇನೂ ಬಚ್ಚಿಟ್ಟಿಲ್ಲ ಸಾರ್. ಅವರು ಡಬ್ಬ ಮೇಲಿಡೋವಾಗ ಏಣಿ ಹಿಡ್ಕೊಂಡಿದ್ದೇ ನಾನು."

ಬೇಸಾಯದ ಮನೆ ಮಗಳಲ್ಲವೇ, ಅಷ್ಟೂ ಗೊತ್ತಾಗಲಿಲ್ಲವೇ ಎಂದು ಹಂಗಿಸಿದೆ.

"ಅಮ್ಮ ನೆಡ್ತಿದ್ಲು, ನಾನು ಹಿಂದೆ ನೀರು ಹಾಕ್ಕೊಂಡ್ ಬರ್ತಿದ್ದೆ. ಯಾವಾಗ ನೆಡ್ಬೇಕು ಅಂತ ಒಂದಿನಾನೂ ಕೇಳ್ಲಿಲ್ಲ. ಇವರಾದ್ರೂ ಗೊತ್ತು ಅಂದ್ರಲ್ಲ, ಸಮಾಧಾನ ಆಯ್ತು."

ಲಕೋಟೆ ಹರಿದೆ.

೭
ಉಳಿದ ಒಂದಕ್ಕೆ ಇವತ್ತು ಐದನೇ ಎಲೆ ಬಂದಿದೆ. ಡಬ್ಬವನ್ನು ನನ್ನ ಮೇಜಿನ ಮೇಲಿಟ್ಟು ಗಂಡ ಹೆಂಡತಿ ಎದುರಿಗೆ ನಿಂತಿದ್ದಾರೆ. ಇವತ್ತೇ ನೆಡೋಣವೋ, ಇನ್ನೂ ನಾಲ್ಕು ದಿನ ಬಿಡೋಣವೋ ಎಂದು ಕೇಳುತ್ತಿದ್ದಾರೆ.

"ಇಷ್ಟೆಲ್ಲ ಬರೆದೋರು ನೀವು," ಅನ್ನುತ್ತಾಳೆ ವೆಂಕಟಲಕ್ಷ್ಮಿ. "ನಿಮಗೆ ಗೊತ್ತಿರುತ್ತೆ."

ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೇನೆ.