ಮೂವತ್ತೊಂದನೆಯ ಕೊಳವೆ

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆಯುವ ಹೊತ್ತಿಗೆ ನನ್ನ ಬಿಳಿ ಕೋಟು ಕುರ್ಚಿಯ ಬೆನ್ನಿನ ಮೇಲೆ ಬಿಸಿಬಿಸಿಯಾಗಿ ಕಾಯುತ್ತಿತ್ತು. ಬಟ್ಟೆ ಒಗೆಯುವ ಮಾಚಮ್ಮ ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿದ ತೋಳಿನ ಗೆರೆ ಸಂಜೆಯಾದರೂ ಮುರಿಯುತ್ತಿರಲಿಲ್ಲ. ನಮ್ಮ ಕಣ್ಣಾಸ್ಪತ್ರೆಯಲ್ಲಿ ದಿನದ ಕೊನೆಗೆ ನೆಟ್ಟಗಿರುತ್ತಿದ್ದದ್ದು ಅದೊಂದೇ. ನಾನಂತೂ ಮಧ್ಯಾಹ್ನಕ್ಕೇ ಹಿಂಡಿದ ಬಟ್ಟೆಯಂತಾಗಿರುತ್ತಿದ್ದೆ.

ನನ್ನ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ರೆಪ್ಪೆಯ ಚರ್ಮಕ್ಕೆ ಕ್ಯಾನ್ಸರ್ ಬಂದವರಿಂದ ಕತ್ತರಿಸಿ ತೆಗೆದ ಚಿಕ್ಕ ತುಣುಕನ್ನು ಮಂಜುಗಡ್ಡೆಯ ಮೇಲಿಟ್ಟು ಅರೆಯುವುದು, ಆಮ್ಲ ಬೆರೆಸಿ ಕುದಿಸುವುದು, ಬಣ್ಣ ಅಳೆಯುವುದು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಬಿಸಿಲಿಗೆ, ಹೊಗೆಗೆ ಜೀವಕೋಶದ ಕೊಬ್ಬೂ ಕೆಡುತ್ತದೆ; ಎಷ್ಟು ಕೆಟ್ಟಿದೆಯೋ ಗಾಜಿನ ಕೊಳವೆಯ ನೀರು ಅಷ್ಟು ಗುಲಾಬಿಯಾಗುತ್ತದೆ. ಆ ಬಣ್ಣ ಕ್ಯಾನ್ಸರಿನ ಗುರುತಾದೀತೇ ಎಂಬುದು ಡಾಕ್ಟರ್ ಪದ್ಮರಾಜಯ್ಯನವರ ಸಂಶೋಧನೆ. ಹೋಲಿಸಲು ಆರೋಗ್ಯವಂತರ ರೆಪ್ಪೆಯ ಚರ್ಮವೂ ಬೇಕಿತ್ತು. ಆರೋಗ್ಯವಂತರು ಯಾರು ತಾನೇ ರೆಪ್ಪೆ ಕೊಯ್ಯಿಸಿಕೊಳ್ಳುತ್ತಾರೆ?

ಮಾಚಮ್ಮ ಕೊಟ್ಟಳು. ಆಸ್ಪತ್ರೆಯ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತ ಮೂವತ್ತು ವರ್ಷ ಕೆಂಡದ ಮುಂದೆ ಬಗ್ಗಿದವಳು. ವಯಸ್ಸಿಗೆ ಅವಳ ಮೇಲುರೆಪ್ಪೆಗಳು ಜೋತುಬಿದ್ದು ನೋಟಕ್ಕೆ ಅಡ್ಡ ಬಂದಿದ್ದವು. ಡಾಕ್ಟರು ಹೆಚ್ಚಿನ ಚರ್ಮ ಕತ್ತರಿಸಿ ಸರಿಮಾಡಿದರು. ಆ ಚರ್ಮವನ್ನು ಸಂಶೋಧನೆಗೆ ಕೊಡುತ್ತೀಯಾ ಎಂದಾಗ ಅವಳು ಹಿಗ್ಗಿಹೋದಳು.

"ನಾನಂತೂ ಇಸ್ಕೂಲ್ ಮೆಟ್ಲು ಹತ್ನಿಲ್ಲ. ನನ್ ತೊಗ್ಲಾದ್ರೂ ಓದ್ಲಿ ಬುಡ್ರವ್ವ."

ಅವಳದು ಮೂವತ್ತೊಂದನೆಯ ಕೊಳವೆ. ಕುದಿದು ತಣಿದಾಗ ಅಕ್ಕಪಕ್ಕದ ಆರೋಗ್ಯವಂತರ ಕೊಳವೆಗಳೆಲ್ಲ ತೆಳುಬಣ್ಣದಲ್ಲಿ ನಿಂತಿದ್ದರೆ ಅದೊಂದು ಮಾತ್ರ ಕಣಗಿಲೆ ಹೂವಿನಷ್ಟು ಗಾಢವಾಗಿತ್ತು. ಉಳಿದ ತುಣುಕನ್ನು ಇನ್ನೊಮ್ಮೆ ಅರೆದು ನೋಡಬೇಕಿತ್ತು, ಡಾಕ್ಟರಿಗೆ ಹೇಳಬೇಕಿತ್ತು. ನನಗೆ ಸಾಕುಸಾಕಾಗಿತ್ತು. ಬೆಳಗಿನಿಂದ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. 'ಕುದಿಸುವಾಗ ತಪ್ಪಾಗಿದೆ' ಎಂದು ಬರೆದು ಆ ಅಂಕಿಯ ಮೇಲೆ ಗೆರೆ ಎಳೆದೆ. ಯಾರೂ ಏನೂ ಕೇಳಲಿಲ್ಲ.

ಮಾಚಮ್ಮ ಕೇಳಿದಳು. ಮಾರನೆಯ ದಿನ ಕೋಟು ತಂದವಳು, "ಏನಂತವ್ವ ನನ್ ತೊಗ್ಲು?" ಎಂದಳು.

"ಚೆನ್ನಾಗಿದೆ ಮಾಚಮ್ಮ. ನಿಂಗೇನೂ ಆಗಲ್ಲ, ಹೋಗು," ಎಂದೆ, ತಲೆ ಎತ್ತದೆ.

ವರ್ಷ ತುಂಬುವಷ್ಟರಲ್ಲಿ ಅವಳ ಎಡಗಣ್ಣಿನ ರೆಪ್ಪೆಯಂಚಿಗೆ ಗಂಟೊಂದು ಬಂತು. ಅದು ಯಾವಾಗ ಬಂತೆಂದು ನಾನು ಕಾಣೆ. ಬೆಳಿಗ್ಗೆ ಕೋಟು ನೋಡುತ್ತಿದ್ದೆನೇ ಹೊರತು ತಂದವಳ ಮುಖ ನೋಡುತ್ತಿರಲಿಲ್ಲ. ಒಂದು ದಿನ ಬಾಗಿಲ ಬೆಳಕಿನಲ್ಲಿ ಅವಳು ಕಣ್ಣುಜ್ಜಿಕೊಂಡಳು. ಅಲ್ಲಿ ಕೂದಲೆಲ್ಲ ಉದುರಿ ಚರ್ಮ ಹಸಿಯಾಗಿತ್ತು. ಕೈ ಹಿಡಿದು ಡಾಕ್ಟರ ಬಳಿ ಎಳೆದುಕೊಂಡು ಹೋದೆ.

"ಕಣ್ಕುಟ್ಗೆ ಗುಳ್ಳೆ ಅಂತ ಬಿಸಿ ಬಟ್ಟೇಲಿ ಶಾಖ ಕೊಡ್ತಿದ್ದೆ ಸ್ವಾಮಿ."

"ಇಲ್ಲೇ ಓಡಾಡ್ಕೊಂಡಿದ್ದು ಇಷ್ಟು ತಿಂಗಳು ಯಾಕಮ್ಮ ತೋರಿಸಲಿಲ್ಲ?" ಡಾಕ್ಟರು ರೇಗಿದರು.

ಅವಳು ನನ್ನತ್ತ ಕೈ ಮಾಡಿದಳು. ದೂರಲು ಅಲ್ಲ, ಸಾಕ್ಷಿಗೆ ಕರೆದಂತೆ. "ಇವ್ರು ನೋಡವ್ರಲ್ಲ ಸ್ವಾಮಿ. ನಿಂಗೇನೂ ಆಗಲ್ಲ ಅಂದವ್ರೆ."

ಕ್ಯಾನ್ಸರ್ ಆಳಕ್ಕಿಳಿದಿತ್ತು; ಕಣ್ಣು ಉಳಿಯಲಿಲ್ಲ. ಕೆಲವು ತಿಂಗಳು ಮೊದಲು ಬಂದಿದ್ದರೆ ರೆಪ್ಪೆಯ ಅಂಚಷ್ಟನ್ನೇ ತೆಗೆದು ಮುಗಿಸಬಹುದಿತ್ತು ಎಂದರು ಡಾಕ್ಟರು. ನಾನು ಹೊಡೆದುಹಾಕಿದ ಅಂಕಿಯನ್ನು ಅವರಿಗೆ ತೋರಿಸಿದೆ. ಒಂದು ಕೊಳವೆಯ ಬಣ್ಣದಿಂದ ಯಾರೂ ಏನನ್ನೂ ಹೇಳಲಾಗದು ಎಂದು ಅವರೇ ಸಮಾಧಾನ ಮಾಡಿದರು. ಸಮಾಧಾನವಾಗಲಿಲ್ಲ. ಅವಳನ್ನು ತಡೆದದ್ದು ಬಣ್ಣವಲ್ಲ, ನನ್ನ ಮಾತು.

ಅವಳು ಕೆಲಸಕ್ಕೆ ಮರಳಿದ ದಿನ ಇಸ್ತ್ರಿ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಬಣ್ಣ, ಗೆರೆ, ಸುಳ್ಳು. ಹೇಳುತ್ತ ಅತ್ತೆ. ಅವಳು ಅಳಲಿಲ್ಲ. ಉಳಿದೊಂದು ಕಣ್ಣನ್ನು ಬಟ್ಟೆಗೆ ಹತ್ತಿರ ತಂದು ಸುಕ್ಕು ಹುಡುಕುತ್ತಿದ್ದಳು.

"ಸುಸ್ತಾಗಿತ್ತಾ ನಿಮ್ಗೆ?"

"ಹೂಂ."

"ನಂಗೂ ಆಯ್ತದೆ ಕಣವ್ವ," ಎಂದು ಬಟ್ಟೆಯ ಮೇಲೆ ನೀರು ಚಿಮುಕಿಸಿದಳು.

ಮಾರನೆಯ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದೆ. ಉಳಿದವರ ಕೋಟುಗಳೆಲ್ಲ ಗೆರೆ ಮೂಡಿ ಬಿಸಿಯಾಗಿದ್ದವು. ನನ್ನದು ಒಗೆದು ಒಣಗಿ, ತಣ್ಣಗೆ, ಮುದುಡಿದ್ದು ಮುದುಡಿದಂತೆಯೇ ಕುರ್ಚಿಯ ಮೇಲಿತ್ತು. ಮುಂದಿನ ಹನ್ನೊಂದು ವರ್ಷವೂ ಹಾಗೆಯೇ ಬಂತು. ಮನೆಗೆ ಒಯ್ದು ನಾನೇ ಇಸ್ತ್ರಿ ಮಾಡಿಕೊಳ್ಳಬಹುದಿತ್ತು. ದಿನವೂ ಒಮ್ಮೆ ಕೊಡವಿ, ಸುಕ್ಕುಗಳ ಸಮೇತ ತೊಟ್ಟುಕೊಂಡು, ಗುಂಡಿ ಹಾಕಿಕೊಂಡೆ.